ಒಣಗಲು ಹಾಕಿದ ಬಾವುಟಗಳು

ಅಪ್ಪಾ,

ಇವತ್ತು ನಿನ್ನ ಮಗಳು ಇಡೀ ಬಂದರಿನಲ್ಲಿ ನಗೆಪಾಟಲಾದಳು, ಕೇಳು.

ಹಡಗುಗಳಿಂದ ಒಗೆತಕ್ಕೂ ರಿಪೇರಿಗೂ ಬರುತ್ತಿದ್ದ ಸಂಕೇತದ ಬಾವುಟಗಳನ್ನು ನೀನು ಎಂದೂ ಹೊರಗೆ ಒಣಗಿಸಿದವನಲ್ಲ. ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟುತ್ತಿದ್ದೆ. "ಮನೆ ತುಂಬ ಒದ್ದೆ ಬಟ್ಟೆ ವಾಸನೆ! ಬಿಸಿಲಿಗೇನು ಬರ ಬಂದಿದ್ಯಾ?" ಎಂದು ನಾನು ಹರಿಹಾಯ್ದರೆ, "ಹೊರಗೆ ಹಾಕಿದ್ರೆ ಅವು ಮಾತಾಡ್ತವೆ ಕಣೇ" ಎಂದು ನಗುತ್ತಿದ್ದೆ.

ನೀನು ಹೋದ ಮೇಲೆ ಕೆಲಸವೂ ನನ್ನದು, ಹಗ್ಗವೂ ನನ್ನದು. ಬೆಳಿಗ್ಗೆ ಎಲ್ಲವನ್ನೂ ಬಂದರಿಗೆ ಮುಖ ಮಾಡಿದ ಮಹಡಿಯ ಮೇಲೆ ಜಂಬದಿಂದ ಹರವಿದೆ. ತುದಿಯಲ್ಲಿದ್ದದ್ದು ಬಿಳಿಯ ಮೇಲೆ ಕೆಂಪು ಕತ್ತರಿ ಗೆರೆಯದು, ಹಡಗಿನವರ ಭಾಷೆಯಲ್ಲಿ 'ನನಗೆ ನೆರವು ಬೇಕು' ಎನ್ನುವುದು. ಸ್ವಲ್ಪ ಹೊತ್ತಿಗೆಲ್ಲ ನಿನ್ನ ಗೆಳೆಯ ಮೀಸೆ ಮಾಮ ದೋಣಿಯನ್ನು ದಡಕ್ಕೆ ತಿರುಗಿಸಿ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಔಷಧಿ ಪೆಟ್ಟಿಗೆ ಬೇರೆ!

"ಏನಾಯ್ತಮ್ಮಾ?"

"ಒಣಗೋಕೆ ಹಾಕಿದ್ದೆ ಮಾಮ."

ಹೊಟ್ಟೆ ಹಿಡಿದುಕೊಂಡು ನಕ್ಕರು. ಚಹಾ ಕುಡಿದರು. ಹೊರಡುವಾಗ ಮಾತ್ರ ನಗದೆ, "ನಿಜವಾಗ್ಲೂ ಏನೂ ಬೇಡ್ವಾ?" ಎಂದು ಕೇಳಿದರು.

"ಏನೂ ಬೇಡ ಮಾಮ" ಎಂದೆ.

ಅವರು ಹೋದೊಡನೆ ಹಗ್ಗವನ್ನು ಮತ್ತೆ ಕೋಣೆಯೊಳಗೆ ಕಟ್ಟಿದೆ, ನೀನು ಹೊಡೆದಿದ್ದ ಅದೇ ಮೊಳೆಗಳಿಗೆ. ಬಾವುಟಗಳ ನೀರು ಸರಿಯಾಗಿ ನನ್ನ ದಿಂಬಿನ ಮೇಲೇ ತೊಟ್ಟಿಕ್ಕುತ್ತಿದೆ. ಮನೆ ತುಂಬ ಅದೇ ವಾಸನೆ.

ಹರಿಹಾಯೋಣವೆಂದರೆ ನೀನಿಲ್ಲ.