ಶನಿವಾರದ ಹಾಲಿನಿಂದ ಓಡುತ್ತಿದ್ದ ವ್ಯಾನು

ಮಾನ್ಯ ಸಾರಿಗೆ ಅಧಿಕಾರಿಗಳೇ,

ನೀವು ಜಪ್ತಿ ಮಾಡಿರುವ ನಮ್ಮೂರಿನ ವ್ಯಾನನ್ನು ಬಿಡುವುದಿಲ್ಲವೆಂದು ನಿನ್ನೆ ಮತ್ತೆ ಆದೇಶವಾಗಿದೆ. ನಮಗೆ ತಿಳಿಸಿದವರು ಅದರ ಚಾಲಕ ರವೀಶ್. ಅವರಿಗೆ ತಿಳಿಸಿದವರು ನಿಮ್ಮ ಗುಮಾಸ್ತರು, ಕಿಟಕಿಯೊಳಗಿಂದ, ತಲೆ ಎತ್ತದೆ. ಕಾರಣ ಹಳೆಯದೇ: ಸ್ವಂತ ಬಳಕೆಯ ವಾಹನದಲ್ಲಿ ಬಾಡಿಗೆಗೆ ಜನರನ್ನು ಸಾಗಿಸಲಾಗಿದೆ.

ಆ ಬಾಡಿಗೆ ಯಾವುದೆಂದು ಹೇಳುತ್ತೇನೆ. ಹಳೇಕೋಟೆ ಹೋಬಳಿಯ ನಮ್ಮೂರಿನಿಂದ ಆರೇಳು ಜನ ಡಯಾಲಿಸಿಸ್‌ಗೆ ಹೊಳೆನರಸೀಪುರಕ್ಕೆ ಹೋಗುತ್ತಾರೆ. ಅವರಿಗಾಗಿ ಊರವರು ಕೈಲಾದಷ್ಟು ಹಾಕಿ ಹಳೆಯ ವ್ಯಾನೊಂದನ್ನು ಕೊಂಡೆವು. ಡೀಸೆಲ್‌ಗೆಂದು ತಿಂಗಳು ತಿಂಗಳೂ ಚಂದಾ ಎತ್ತಲು ಹೋದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಅದಕ್ಕೇ ಶನಿವಾರ ಸಂಜೆ ಡೈರಿಗೆ ಹಾಕುವ ಹಾಲಿನ ದುಡ್ಡು ವ್ಯಾನಿಗೆ ಎಂದು ಮಾತಾಯಿತು. ಒಂದೇ ಹಸು ಇರುವವರೂ ತಪ್ಪಿಸಿಲ್ಲ. ರೋಗಿಗಳ ಮನೆಯವರಿಗೆ ನೀವು ಕೊಡುವುದು ಬೇಡವೆಂದರೂ ಅವರು ಕೇಳುವುದಿಲ್ಲ.

ನಿಮ್ಮ ಸಿಬ್ಬಂದಿ ವ್ಯಾನು ತಡೆದ ದಿನ ರೋಗಿಗಳ ಜೊತೆಗೆಂದು ಹೊರಟ ನಾನೂ ಒಳಗಿದ್ದೆ. ಡಯಾಲಿಸಿಸ್‌ಗೆ ಹೊರಟಿದ್ದ ವಿಜಯಮ್ಮನವರನ್ನು ಕೇಳಿದರು: “ಎಷ್ಟು ಕೊಡ್ತೀರಮ್ಮಾ ಇದಕ್ಕೆ?”

“ಪುಕ್ಸಟ್ಟೆ ಓಗೋ ಜನ ಅಲ್ಲ ಕಣ್ ಸಾ ನಾವು. ಕೊಟ್ಟೇ ಗಾಡಿ ಅತ್ತೀವಿ.”

“ಚಿಕ್ಕವ್ವಾ, ಆಲು ಅಂತ ಏಳು,” ರವೀಶ್ ಬೇಡಿಕೊಂಡರು.

“ಆಲು ಕೊಟ್ರೆ ಕೊಟ್ಟಂಗಲ್ವೇನ್ಲಾ? ನಿನ್ ಸಂಬ್ಳ ಎಲ್ಲಿಂದ ಬತ್ತದೆ, ನಿಮ್ಮಪ್ಪ ಕೊಡ್ತಾನಾ?”

ನಾವೆಲ್ಲ ನಕ್ಕೆವು. ನಿಮ್ಮ ಸಿಬ್ಬಂದಿ ಬರೆದುಕೊಂಡರು.

ನಿಯಮವೇ ತಪ್ಪೆಂದು ನಾನು ವಾದಿಸುತ್ತಿಲ್ಲ. ಆದರೆ ಯಾರ ಹಂಗಿನಲ್ಲೂ ಇರಲೊಲ್ಲದ ಹೆಂಗಸಿನ ಮಾತು ಯಾವ ಕಲಮಿನಡಿ ತಪ್ಪೊಪ್ಪಿಗೆಯಾಗುತ್ತದೆ? ಬಾಡಿಗೆ ವಾಹನದ ಪರ್ಮಿಟ್ ಮಾಡಿಸಿ ಎಂದಿರಿ. ಬಾಡಿಗೆಯನ್ನೇ ಕೇಳದವರು ಅದನ್ನು ಮಾಡಿಸಿ ಏನು ಮಾಡಬೇಕು? ಆಂಬುಲೆನ್ಸ್ ಎಂದು ನೋಂದಾಯಿಸಿಕೊಳ್ಳಿ ಎಂದೆವು. ಸ್ಟ್ರೆಚರ್ ಎಲ್ಲಿ ಎಂದಿರಿ. ಕೂತು ಹೋಗುವಷ್ಟು ಶಕ್ತಿ ಇನ್ನೂ ಉಳಿದಿರುವ ರೋಗಿಗೆ ನಿಮ್ಮಲ್ಲಿ ಜಾಗವೇ ಇಲ್ಲವೇ?

ಈಗ ವಿಜಯಮ್ಮ ತಮ್ಮನ ಮಗನ ಬೈಕಿನಲ್ಲಿ ಹೋಗುತ್ತಾರೆ. ಬರುವಾಗ ತಲೆ ಸುತ್ತುವುದರಿಂದ ಇಬ್ಬರ ಸೊಂಟಕ್ಕೂ ಸೇರಿಸಿ ಪಂಚೆ ಬಿಗಿದುಕೊಳ್ಳುತ್ತಾರೆ. ಇದಕ್ಕೆ ನಿಮ್ಮ ಆಕ್ಷೇಪಣೆ ಇದ್ದಂತಿಲ್ಲ. ಕಳೆದ ವಾರ ಮಳೆ ಹಿಡಿದು ಒಂದು ಸರದಿ ತಪ್ಪಿತು. ಕಾಲು ಊದಿಕೊಂಡವು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ನೋಡಲು ಹೋದಾಗ ಅವರು ಹೇಳಿದ್ದು ಒಂದೇ ಮಾತು: “ನನ್ ಬಾಯಿಂದ್ಲೇ ಎಲ್ರಿಗೂ ಇಂಗಾಯ್ತಲ್ಲ.” ಅಲ್ಲ ಎಂದು ನಾನು ಹೇಳಿದರೆ ನಂಬುವುದಿಲ್ಲ. ನೀವು ಹೇಳಬೇಕು.

ವ್ಯಾನನ್ನು ಬಿಡಿ. ಇಂಥ ವಾಹನಕ್ಕೆ ಯಾವ ಪರವಾನಗಿ ಬೇಕೆಂದು ಲಿಖಿತವಾಗಿ ತಿಳಿಸಿ, ಮಾಡಿಸುತ್ತೇವೆ. ಅವರ ಹೇಳಿಕೆ ಇನ್ನೂ ಬೇಕಿದ್ದರೆ ಊರಿಗೇ ಬಂದು ತೆಗೆದುಕೊಳ್ಳಿ.

ವಿಜಯಮ್ಮನವರು ಖುದ್ದು ಹಾಜರಾಗಬೇಕಾದ ವಿಚಾರಣೆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ನಿಮ್ಮ ಕಚೇರಿಯಲ್ಲಿದೆ. ಅವರ ಡಯಾಲಿಸಿಸ್ ಅಂದು ಹತ್ತಕ್ಕೆ ಶುರುವಾಗುತ್ತದೆ.

ಇಂತಿ,
ಸೋಮವಾರ ಅವರ ಬದಲು ಬಂದು ನಿಲ್ಲಲಿರುವ
ಗಂಗಯ್ಯ
ಹಳೇಕೋಟೆ ಹೋಬಳಿ