‘ಅ’ ಕಾರ್ಡಿನ ಫೋಟೊ

ವಾಡಿ, ನವೆಂಬರ್ ೧೨, ಬುಧವಾರ

ನನ್ನ ಮೇಲೆ ನನಗೇ ಅಸಹ್ಯವಾಗಿದೆ.

ಲುಂಬಿನಿಗೆ ಅಕ್ಷರ ಕಲಿಸಲೆಂದು ಮನೆಯವರ ಫೋಟೊ ಅಂಟಿಸಿ ಕಾರ್ಡು ಮಾಡಿದೆ. ‘ಆ’ಗೆ ಆಯಿ, ಅಂದರೆ ಅವಳ ಅಜ್ಜಿ, ನನ್ನ ಅತ್ತೆ; ‘ಕ’ಗೆ ಕಾಕಾ, ‘ಎ’ಗೆ ನಮ್ಮ ಎಮ್ಮೆ. ‘ಅ’ ಅಂದರೆ ಅವ್ವ. ಅಲ್ಲಿ ನನ್ನ ಫೋಟೊ ಅಂಟಿಸಿಬಿಟ್ಟೆ.

ಅವಳನ್ನು ಹೆತ್ತ ಸುಜಾತಕ್ಕ ತೀರಿಕೊಂಡು ಎರಡು ವರ್ಷ. ಊರಿಗೆ ಹೋಗಿದ್ದಾಳೆ ಎಂದೇ ಕೂಸಿಗೆ ಹೇಳಿದ್ದಾರೆ. ನಾನು ಅವಳ ಅಪ್ಪನನ್ನು ಮದುವೆಯಾಗಿ ಬಂದದ್ದು ಈ ಬೇಸಿಗೆಯಲ್ಲಿ. ಒಮ್ಮೆಯಾದರೂ ನನ್ನನ್ನು ಅವ್ವ ಅನ್ನಲಿ ಎಂಬ ಆಸೆ.

ಸಂಜೆ ಲುಂಬಿನಿ ಅತ್ತೆಯ ತೊಡೆಯ ಮೇಲೆ ಕೂತು ಒಂದೊಂದೇ ಕಾರ್ಡು ನೋಡಿದಳು. ‘ಅ’ ಬಂದಾಗ ನಕ್ಕಳು.

“ಇದು ಚಿಗವ್ವ. ಅವ್ವ ಎಲ್ಲಿ?”

“ಅವ್ವನ ಫೋಟೊ ಹರಿದು ಹೋಗ್ಯದವ್ವಾ,” ಎಂದು ಸುಳ್ಳು ಹೇಳಿದೆ.

“ಹಂಗಾರ ಅವ್ವ ಬರೋತನಕ ನೀನೇ ಇರು,” ಎಂದಳು, ನನಗೇ ಸಮಾಧಾನ ಮಾಡುವವಳಂತೆ.

ಅತ್ತೆ ಕಾರ್ಡುಗಳನ್ನು ಜೋಡಿಸಿ ಬದಿಗಿಟ್ಟರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಊಟವಾದ ಮೇಲೆ ನಾನೇ ಹೋಗಿ ನಿಂತೆ.

“ಅತ್ತಿ, ಅಕ್ಕನ ಫೋಟೊ ಕೊಡ್ರಿ.”

ಟ್ರಂಕಿನಿಂದ ತೆಗೆದು, ಸೆರಗಿನಿಂದ ಒರೆಸಿ ಕೈಗಿಟ್ಟರು. “ನಿಂದೂ ಕೀಳಬ್ಯಾಡ. ಬಾಜೂಕ ಇರ್ಲಿ,” ಎಂದರು. ಅವರ ಮುಖ ನೋಡಲು ನನಗಾಗಲಿಲ್ಲ.

ಫೋಟೊದಲ್ಲಿ ಅಕ್ಕ ಎಳೆಗೂಸು ಲುಂಬಿನಿಯನ್ನು ಎದೆಗವಚಿಕೊಂಡು ನಗುತ್ತಿದ್ದಾಳೆ. ಕಾರ್ಡಿಗಿಂತ ದೊಡ್ಡದು. ಕತ್ತರಿ ಹಾಕಲು ಮನಸ್ಸಾಗುತ್ತಿಲ್ಲ. ನಾಳೆ ದೊಡ್ಡ ರಟ್ಟು ತರಬೇಕು. ಈ ಮುಖವನ್ನು ಸರಿಸಿ ನನ್ನದನ್ನು ಇಟ್ಟೆನಲ್ಲ, ಅದೂ ಅವಳ ಮಗಳಿಗೇ ತೋರಿಸಲು, ನಾನು ಎಂಥವಳು!