ಲೇಝೀಮಿನ ಸಾಲಿನಲ್ಲಿ ನನ್ನ ಜಾಗ

೧೭ ಜನವರಿ ೧೯೬೧, ಮಂಗಳವಾರ. ವಿಜಾಪುರ.

ಇವತ್ತೂ ಕಣ್ಣಿಗೆ ಕತ್ತಲೆ ಬಂತು. ಟ್ರೇನಿಂಗ್ ಕಾಲೇಜಿನ ಮೈದಾನದಲ್ಲಿ, ತಾಳದ ಸರಪಳಿ ಕಟ್ಟಿದ ಕೋಲು ಹಿಡಿದು ಲೇಝೀಮು ಆಡುತ್ತಾ ಬಗ್ಗಿ ಎದ್ದವಳು ಹಾಗೆಯೇ ಬಿದ್ದೆನಂತೆ. ಹಿಂದೆ ಎರಡು ಸಲ ಹೀಗಾದಾಗ "ಹೊಟ್ಟಿ ಹಸದೈತಿ" ಎಂದು ಗೆಳತಿ ಸಾವಂತ್ರವ್ವನಿಗೆ ಸುಳ್ಳು ಹೇಳಿದ್ದೆ. ಈ ಸಲ ಅವಳು ನಂಬಲಿಲ್ಲ. ಟಾಂಗಾದಲ್ಲಿ ಕೂರಿಸಿ ದವಾಖಾನೆಗೆ ಕರೆದೊಯ್ದಳು.

ಡಾಕ್ಟರು ಬಹಳ ಹೊತ್ತು ಎದೆಬಡಿತ ಕೇಳಿದರು.

"ಸಣ್ಣಾಕಿದ್ದಾಗ ಕೀಲು ಬಾತು ಜ್ವರ ಬಂದಿತ್ತೇನು?"

ಬಂದಿತ್ತು. ಹೊನವಾಡದ ಮನೆಯಲ್ಲಿ ಅಮ್ಮಿ ರಾತ್ರಿಯೆಲ್ಲಾ ಉಪ್ಪಿನ ಶಾಖ ಕೊಟ್ಟಿದ್ದಳು.

"ಹೃದಯದಾಗ ದೋಷ ಇದ್ದಂಗೈತಿ. ಓಡೂವಾಗ, ಕುಣಿಯೂವಾಗ ಎಚ್ಚರ ತಪ್ಪಿದ್ರ ಅವತ್ತ ಬರಬೇಕು ನೋಡವಾ. ಮೂರನೇ ಸಲದ ತನಕ ಕಾಯಬಾರದು. ಮಿರಜಿನ ದೊಡ್ಡ ದವಾಖಾನಿಗೆ ಹೋಗಿ ತೋರಿಸಿ ಬಾ. ಅಲ್ಲೀತನಕ ಲೇಝೀಮು ಬ್ಯಾಡ."

ಸಂಜೆ ಹಾಸ್ಟೆಲಿನ ಕಿಟಕಿಯಲ್ಲಿ ನಿಂತೆ. ನಲವತ್ತು ಲೇಝೀಮು ಒಮ್ಮೆಲೇ ಝಣ್ ಎಂದಾಗ ನನ್ನ ಕೈಗಳು ತಾವಾಗಿಯೇ ಮೇಲೆದ್ದವು. ಇಪ್ಪತ್ತಾರರ ಗಣರಾಜ್ಯೋತ್ಸವದ ಪ್ರದರ್ಶನಕ್ಕೆ ಇನ್ನು ಒಂಬತ್ತೇ ದಿನ.

ಊಟಕ್ಕೆ ಕರೆಯಲು ಬಂದ ಸಾವಂತ್ರವ್ವ, "ಅಬೇದಾ, ನಿನ್ನ ಜಾಗಾದಾಗ ಯಾರನ್ನೂ ನಿಂದರಿಸಿಲ್ಲ, ಹಂಗ ಬಿಟ್ಟೇವಿ" ಎಂದಳು. ಆಗ ಅಳು ತಡೆಯಲಾಗಲಿಲ್ಲ.

ಇಪ್ಪತ್ತಾರರಂದು ಅಲ್ಲಿ ಹೋಗಿ ನಿಲ್ಲಲಾದರೂ ಬಿಡುತ್ತಾರೋ ಏನೋ. ಕುಣಿಯುವುದಿಲ್ಲ, ಕೈಯನ್ನೂ ಎತ್ತುವುದಿಲ್ಲ. ಅವರೆಲ್ಲರ ನಡುವೆ ಸುಮ್ಮನೆ ಒಂದು ಗಳಿಗೆ ನಿಂತರೆ ಸಾಕು.